ಮೊಬೈಲ್ ಆ್ಯಪುಗಳಲ್ಲಿ ವಿಫಲ ಕೋರಿಕೆಗಳ ಪುನಃಪ್ರಯತ್ನ

ಪರೀಕ್ಷಾಶುಲ್ಕವನ್ನು ಸಲ್ಲಿಸಲು ಅಂದೇ ಕೊನೆಯ ದಿನ. ವಿದ್ಯಾರ್ಥಿಯೊಬ್ಬನು ಬಸ್ಸಿನಲ್ಲಿ ಕುಳಿತು, ಕೈಯಲ್ಲಿರುವ ಫೋನಿನ ಮೂಲಕ ಹಣ ಕಟ್ಟಲು ತೆರೆಯ ಮೇಲಣ ಗುಂಡಿಯನ್ನು ಒತ್ತುತ್ತಾನೆಂದು ಭಾವಿಸೋಣ. ಚಕ್ರವೊಂದು ತಿರುಗತೊಡಗುತ್ತದೆ. ಅಷ್ಟರಲ್ಲಿ ಬಸ್ಸು ಘಟ್ಟದ ತಿರುವಿಗೆ ಬರುತ್ತದೆ, ಸಿಗ್ನಲ್ ಅಡಗಿಹೋಗುತ್ತದೆ. ಅರ್ಧ ನಿಮಿಷದ ಮೇಲೆ "ವಿಫಲವಾಯಿತು, ಮತ್ತೆ ಪ್ರಯತ್ನಿಸಿ" ಎಂಬ ಒಕ್ಕಣೆ ಕಾಣಿಸಿಕೊಳ್ಳುತ್ತದೆ. ಆತನು ಮತ್ತೊಮ್ಮೆ ಒತ್ತಬೇಕೇ, ಬೇಡವೇ? ಒತ್ತಿದರೆ ಹಣವು ಎರಡು ಸಲ ಕಳೆದುಹೋಗಬಹುದು. ಒತ್ತದೆ ಸುಮ್ಮನಿದ್ದರೆ ಶುಲ್ಕ ಸಲ್ಲದೆಯೇ ಉಳಿದು ಪರೀಕ್ಷೆಗೆ ಕೂಡುವ ಅವಕಾಶವೇ ತಪ್ಪಬಹುದು. ಈ ಸಂದಿಗ್ಧವನ್ನು ಆ ಬಡಪಾಯಿಯ ತಲೆಗೆ ಕಟ್ಟುವುದಕ್ಕೆ ಬದಲಾಗಿ, ಆ್ಯಪನ್ನೂ ಅದರ ಹಿಂದಿರುವ ಸರ್ವರನ್ನೂ ರಚಿಸಿದವರೇ ಬಿಡಿಸಿರಬೇಕಾದುದು ನ್ಯಾಯ. ಅದನ್ನು ಬಿಡಿಸುವ ಬಗೆ ಯಾವುದು, ಎಷ್ಟರ ಮಟ್ಟಿಗೆ ಅದು ಸಾಧ್ಯ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು 'ವಿಫಲ' ಎಂಬ ಮಾತಿನ ಅರ್ಥವನ್ನೇ ವಿಚಾರಿಸಬೇಕು. ಆ್ಯಪು ಸರ್ವರಿಗೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರು ಕೆಲಸವನ್ನು ನೆರವೇರಿಸಿ ಉತ್ತರವನ್ನು ಕೊಡುತ್ತದೆ. ಈ ಕ್ರಮವು ಮೂರು ಬಗೆಯಾಗಿ ಕೆಡಬಹುದು. ಸರ್ವರಿನ ವಿಳಾಸವೇ ದೊರೆಯದೆ, ಅಥವಾ ಸಂಪರ್ಕವೇ ಏರ್ಪಡದೆ, ಕೋರಿಕೆಯು ಫೋನನ್ನು ಬಿಟ್ಟು ಹೊರಡದಿರುವುದು ಒಂದು. ಕೋರಿಕೆಯು ತಲಪಿ, ಸರ್ವರೇ ಸ್ಪಷ್ಟವಾಗಿ 'ಇಲ್ಲ' ಎಂದು ಉತ್ತರ ಕೊಡುವುದು ಇನ್ನೊಂದು. ಕೋರಿಕೆ ಹೊರಟಿತು, ಆದರೆ ಉತ್ತರ ಬರಲಿಲ್ಲ ಎಂಬುದು ಮೂರನೆಯದು. ಮೊದಲನೆಯ ಬಗೆಯಲ್ಲಿ ಮತ್ತೆ ಕಳುಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡನೆಯದರಲ್ಲಿ ಉತ್ತರದ ಸಂಖ್ಯೆಯನ್ನು ನೋಡಿ ನಡೆಯಬೇಕು. ೪೦೦, ೪೦೩, ೪೦೪ ಮುಂತಾದವು ಕೋರಿಕೆಯಲ್ಲಿಯೇ ದೋಷವಿದೆಯೆಂದು ತಿಳಿಸುವ ಸಂಖ್ಯೆಗಳು. ಅದೇ ಕೋರಿಕೆಯನ್ನು ನೂರು ಸಲ ಕಳುಹಿಸಿದರೂ ಅದೇ ಉತ್ತರ ಬರುವುದರಿಂದ ಇಲ್ಲಿ ಪುನಃಪ್ರಯತ್ನವು ವ್ಯರ್ಥ. ೪೨೯ ಎಂದರೆ ಕೋರಿಕೆಗಳು ಅತಿಯಾದುವೆಂದೂ ೫೦೩ ಎಂದರೆ ಸದ್ಯಕ್ಕೆ ಸೇವೆ ದೊರೆಯದೆಂದೂ ಅರ್ಥ. ಇವೆರಡರೊಡನೆ ಇಷ್ಟು ಹೊತ್ತಿನ ಅನಂತರ ಬಾ ಎಂದು ಹೇಳುವ 'ರಿಟ್ರೈ-ಆಫ್ಟರ್' ಎಂಬ ಸೂಚನೆಯನ್ನೂ ಸರ್ವರು ಕಳುಹಿಸಬಹುದು. ಆ ಸೂಚನೆಯನ್ನು ಓದದೆಯೇ ಕೋರಿಕೆಗಳನ್ನು ಸುರಿಯುವ ಆ್ಯಪುಗಳು ಈಗಲೂ ವಿರಳವಲ್ಲ.

ನಿಜವಾದ ತೊಡಕಿರುವುದು ಮೂರನೆಯ ಬಗೆಯಲ್ಲಿ. ಉತ್ತರ ಬರಲಿಲ್ಲವೆಂಬುದರಿಂದ ಕೆಲಸ ನಡೆಯಲಿಲ್ಲವೆಂದು ಊಹಿಸುವಂತಿಲ್ಲ. ಕೋರಿಕೆಯು ದಾರಿಯಲ್ಲಿ ಅಳಿದಿರಬಹುದು. ಇಲ್ಲವೆ ಕೆಲಸವೆಲ್ಲ ಮುಗಿದು ಉತ್ತರವೊಂದೇ ಹಿಂದಿರುಗುವಾಗ ಅಳಿದಿರಬಹುದು. ಫೋನಿನ ಕಡೆಯಿಂದ ನೋಡಿದರೆ ಇವೆರಡಕ್ಕೂ ಎಳ್ಳಷ್ಟೂ ಭೇದವಿಲ್ಲ. ದೂರದ ಊರಿಗೆ ಬರೆದ ಕಾಗದಕ್ಕೆ ಮಾರೋಲೆ ಬಾರದಿದ್ದಾಗ, ಹೋದ ಕಾಗದ ಕಳೆಯಿತೋ ಬರಬೇಕಾದ ಕಾಗದ ಕಳೆಯಿತೋ ಎಂದು ಮನೆಯವರು ಯೋಚಿಸುವಂತೆಯೇ ಇದು. ಸ್ವೀಕೃತಿಯ ಚೀಟಿಗೆ ಮತ್ತೊಂದು ಸ್ವೀಕೃತಿಯನ್ನು ಏರ್ಪಡಿಸಿದರೆ ಸಾಲದೇ ಎಂದು ಕೇಳಬಹುದು. ಆ ಎರಡನೆಯ ಚೀಟಿಯೂ ಕಳೆಯಬಹುದಾದ್ದರಿಂದ ಸರಪಳಿಗೆ ಕೊನೆಯಿಲ್ಲ. ಸಂದೇಶಗಳು ಕಳೆಯಬಹುದಾದ ಮಾರ್ಗದಲ್ಲಿ ಎಷ್ಟೇ ಸಂದೇಶಗಳನ್ನು ವಿನಿಮಯಮಾಡಿಕೊಂಡರೂ ಇಬ್ಬರಿಗೂ ನಿಶ್ಚಿತವಾದ ಒಡಂಬಡಿಕೆ ದೊರೆಯಲಾರದೆಂಬ ಈ ವಿಷಯವನ್ನು ೧೯೭೫ರಲ್ಲಿ ಅಕ್ಕೊಯುನ್ಲು, ಏಕನಾಥಮ್ ಮತ್ತು ಹ್ಯೂಬರ್ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ತೋರಿಸಿದರು. ೧೯೭೮ರಲ್ಲಿ ಜಿಮ್ ಗ್ರೇ ಅವರು ಇದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆಯೆಂಬ ಹೆಸರನ್ನು ಕೊಟ್ಟರು. ಹೀಗಾಗಿ 'ಸಂದೇಹಕ್ಕೆ ಎಡೆಯೇ ಇಲ್ಲದ ಜಾಲ'ವನ್ನು ಬಯಸಿ ಫಲವಿಲ್ಲ. ಸಂದೇಹ ಬಂದಾಗಲೂ ಹಾನಿಯಾಗದಂತೆ ಕೆಲಸವನ್ನು ಏರ್ಪಡಿಸುವುದೊಂದೇ ದಾರಿ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಕಳೆದ ತುಣುಕುಗಳನ್ನು ಮತ್ತೆ ಕಳುಹಿಸುವ ಹೊಣೆಯನ್ನು ಕೆಳಸ್ತರದಲ್ಲಿರುವ ಟಿಸಿಪಿ ನಿಯಮಾವಳಿಯೇ ಹೊತ್ತಿರುವಾಗ, ಮೇಲಿನ ಆ್ಯಪಿಗೆ ಈ ಚಿಂತೆ ಏಕೆ? ಟಿಸಿಪಿ ಸಂಪರ್ಕವನ್ನು ಗುರುತಿಸುವುದು ಎರಡು ಕಡೆಯ ವಿಳಾಸಗಳಿಂದಲೂ ಪೋರ್ಟ್ ಸಂಖ್ಯೆಗಳಿಂದಲೂ. ಫೋನು ಮನೆಯ ವೈಫೈಯನ್ನು ಬಿಟ್ಟು ಬೀದಿಯ ಮೊಬೈಲ್ ಜಾಲಕ್ಕೆ ಸೇರಿದೊಡನೆ ಅದರ ವಿಳಾಸವೇ ಬದಲಾಗಿ ಹಳೆಯ ಸಂಪರ್ಕವು ಮುರಿದುಬೀಳುತ್ತದೆ. ೨೦೨೧ರಲ್ಲಿ ಪ್ರಮಾಣೀಕೃತವಾದ ಕ್ವಿಕ್ ಎಂಬ ನಿಯಮಾವಳಿಯು ವಿಳಾಸದ ಬದಲು ಬೇರೊಂದು ಗುರುತನ್ನು ಬಳಸಿ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿದೆ. ಆದರೂ ತುಣುಕುಗಳು ಸರ್ವರ್ ಯಂತ್ರವನ್ನು ಮುಟ್ಟಿದುವೆಂಬುದಕ್ಕೂ ಶುಲ್ಕವು ಲೆಕ್ಕದ ಪುಸ್ತಕದಲ್ಲಿ ದಾಖಲಾಯಿತೆಂಬುದಕ್ಕೂ ಅಂತರವಿದೆ. ಮೊದಲನೆಯದನ್ನು ಮಾತ್ರ ಕೆಳಸ್ತರವು ಹೇಳಬಲ್ಲುದು. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಅವರು ೧೯೮೪ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ತಿರುಳೂ ಇದೇ: ಕೊನೆಯ ಎರಡು ತುದಿಗಳಿಗೆ ಮಾತ್ರ ತಿಳಿಯಬಲ್ಲ ವಿಷಯವನ್ನು ನಡುವಿನ ಮಾರ್ಗವು ಪೂರ್ಣವಾಗಿ ನಿರ್ವಹಿಸಲಾರದು.

ಹಾಗಾದರೆ ಹಾನಿಯಿಲ್ಲದ ಪುನಃಪ್ರಯತ್ನ ಯಾವುದು? ಒಂದು ಸಲ ಮಾಡಿದರೂ ಹತ್ತು ಸಲ ಮಾಡಿದರೂ ಒಂದೇ ಫಲವನ್ನು ಕೊಡುವ ಕಾರ್ಯವಾದರೆ ಅದನ್ನು ನಿರ್ಭಯವಾಗಿ ಮತ್ತೆ ಮಾಡಬಹುದು. 'ದೀಪವನ್ನು ಹೊತ್ತಿಸು' ಎಂಬ ಆಜ್ಞೆ ಇಂಥದು. 'ದೀಪದ ಸ್ಥಿತಿಯನ್ನು ಬದಲಿಸು' ಎಂಬುದು ಇಂಥದಲ್ಲ. ವಿಳಾಸವನ್ನು ಮೈಸೂರು ಎಂದು ಬರೆಯುವುದು ಮೊದಲನೆಯ ಜಾತಿ. ಖಾತೆಯಿಂದ ೫೦೦ ರೂಪಾಯಿ ಕಳೆಯುವುದು ಎರಡನೆಯ ಜಾತಿ. ಈ ಗುಣಕ್ಕೆ ಗಣಕವಿಜ್ಞಾನಿಗಳು ಬಳಸುವ 'ಐಡೆಂಪೊಟೆಂಟ್' ಎಂಬ ಪದವನ್ನು ೧೮೭೦ರಲ್ಲಿ ಟಂಕಿಸಿದವರು ಅಮೆರಿಕದ ಗಣಿತಜ್ಞ ಬೆಂಜಮಿನ್ ಪರ್ಸ್. ತನ್ನಿಂದಲೇ ಗುಣಿಸಿದರೂ ತಾನಾಗಿಯೇ ಉಳಿಯುವ ಬೀಜಾಂಶವೆಂದು ಅಲ್ಲಿ ಅದರ ಅರ್ಥ. ಸಾಮಾನ್ಯ ಸಂಖ್ಯೆಗಳಲ್ಲಿ ೦ ಮತ್ತು ೧ ಮಾತ್ರ ಇಂಥವು. ಗಣಿತದ ಮಟ್ಟಿಗೆ 'ವರ್ಗಸಮ' ಎಂಬ ಮಾತು ಒಪ್ಪುತ್ತದೆ. ನಮ್ಮ ವಿಷಯಕ್ಕೆ ಅದು ಸಾಲದೆಂದು ತೋರಿ ಇಲ್ಲಿ 'ಪುನರಾವೃತ್ತಿಸಹ' ಎಂದು ಬಳಸಿದ್ದೇನೆ. ಇದಕ್ಕಿಂತ ಹಗುರವಾದ ಪದವನ್ನು ಯಾರಾದರೂ ಸೂಚಿಸಿದರೆ ಸಂತೋಷವೇ. ಎಚ್‌ಟಿಟಿಪಿ ನಿಯಮಾವಳಿಯ ೨೦೨೨ರ ಆವೃತ್ತಿಯು ಗೆಟ್, ಪುಟ್, ಡಿಲೀಟ್ ಮೊದಲಾದ ಕ್ರಮಗಳನ್ನು ಪುನರಾವೃತ್ತಿಸಹವೆಂದು ವರ್ಗೀಕರಿಸಿ, ಪೋಸ್ಟ್ ಕ್ರಮವನ್ನು ಆ ವರ್ಗದಿಂದ ಹೊರಗಿಡುತ್ತದೆ. ಆ ವರ್ಗಕ್ಕೆ ಸೇರದ ಕೋರಿಕೆಯನ್ನು, ತಕ್ಕ ಆಧಾರವಿಲ್ಲದೆ, ತಾನಾಗಿ ಮತ್ತೆ ಕಳುಹಿಸಬಾರದೆಂದೂ ಹೇಳುತ್ತದೆ.

ಪುನರಾವೃತ್ತಿಸಹವೆಂದ ಮಾತ್ರಕ್ಕೆ ಎಲ್ಲವೂ ಸುಗಮವೆಂದು ತಿಳಿಯಬಾರದು. ವಿಳಾಸವನ್ನು ಮೈಸೂರೆಂದು ಬದಲಿಸುವ ಕೋರಿಕೆಗೆ ಉತ್ತರ ಬರಲಿಲ್ಲವೆನ್ನೋಣ. ಬಳಕೆದಾರನು ಮನಸ್ಸು ಬದಲಿಸಿ ಹಾಸನವೆಂದು ತಿದ್ದುತ್ತಾನೆ, ಅದು ಸಲ್ಲುತ್ತದೆ. ಆಮೇಲೆ, ಹಿಂದೆ ಉಳಿದಿದ್ದ ಮೈಸೂರಿನ ಕೋರಿಕೆಯನ್ನು ಆ್ಯಪು ಮತ್ತೆ ಕಳುಹಿಸಿದರೆ, ಹಳೆಯದು ಹೊಸದನ್ನು ಅಳಿಸಿಹಾಕುತ್ತದೆ. ಇದನ್ನು ತಡೆಯಲು ಪ್ರತಿಯೊಂದು ಕೋರಿಕೆಯೂ ತಾನು ಯಾವ ಆವೃತ್ತಿಯ ದಾಖಲೆಯನ್ನು ತಿದ್ದುತ್ತಿದೆಯೆಂಬುದನ್ನು ಹೇಳಬೇಕು. ದಾಖಲೆಯು ಅಷ್ಟರಲ್ಲಿ ಮುಂದಕ್ಕೆ ಹೋಗಿದ್ದರೆ ಸರ್ವರು ಕೋರಿಕೆಯನ್ನು ನಿರಾಕರಿಸಬೇಕು.

ಹಣದ ಪಾವತಿಯಂಥ ಕಾರ್ಯವನ್ನು ಪುನರಾವೃತ್ತಿಸಹವಾಗಿ ಮಾಡುವ ಉಪಾಯವು ಸರಳವಾದುದು. ಬಳಕೆದಾರನು ಗುಂಡಿಯನ್ನು ಒತ್ತಿದೊಡನೆ ಆ್ಯಪು ಆ ಪಾವತಿಗೆಂದೇ ಒಂದು ವಿಶಿಷ್ಟ ಗುರುತನ್ನು ಸೃಷ್ಟಿಸುತ್ತದೆ. ಸಾಮಾನ್ಯವಾಗಿ ಇದು ೧೨೮ ಬಿಟ್ಟುಗಳ ಯಾದೃಚ್ಛಿಕ ಸಂಖ್ಯೆ. ಮೊದಲನೆಯ ಯತ್ನದಲ್ಲಿಯೂ ಅನಂತರದ ಯತ್ನಗಳಲ್ಲಿಯೂ ಅದೇ ಗುರುತು ಹೋಗುತ್ತದೆ. ಸರ್ವರು ಈ ಗುರುತನ್ನು ಮೊದಲು ಕಂಡಾಗ ಕೆಲಸವನ್ನು ಮಾಡಿ, ಗುರುತನ್ನೂ ಫಲವನ್ನೂ ಬರೆದಿಡುತ್ತದೆ. ಎರಡನೆಯ ಸಲ ಕಂಡಾಗ ಕೆಲಸವನ್ನು ಮಾಡದೆ, ಬರೆದಿಟ್ಟ ಫಲವನ್ನೇ ಮತ್ತೆ ಕಳುಹಿಸುತ್ತದೆ. ಉಪಾಯ ಸರಳವಾದರೂ ಅದನ್ನು ಕೆಡಿಸುವ ದಾರಿಗಳು ಹಲವಿವೆ. ಪ್ರತಿ ಯತ್ನಕ್ಕೂ ಹೊಸ ಗುರುತನ್ನು ಸೃಷ್ಟಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಆಗ ಗುರುತಿದ್ದೂ ಇಲ್ಲದಂತೆ. ಗುರುತನ್ನು ಫೋನಿನ ಶಾಶ್ವತ ಸಂಗ್ರಹದಲ್ಲಿ ಬರೆಯುವ ಮೊದಲೇ ಕೋರಿಕೆಯನ್ನು ಕಳುಹಿಸುವುದು ಎರಡನೆಯ ತಪ್ಪು. ನೆನಪಿನ ಅಭಾವದಿಂದ ಫೋನು ಆ್ಯಪನ್ನು ನಡುವೆಯೇ ನಿಲ್ಲಿಸಬಹುದು. ಮತ್ತೆ ತೆರೆದಾಗ ಅದಕ್ಕೆ ಹಿಂದಿನದರ ಅರಿವೇ ಇರುವುದಿಲ್ಲ. ಸರ್ವರಿನ ಕಡೆಯಲ್ಲಿ, ಗುರುತನ್ನು ಬರೆಯುವುದೂ ಹಣವನ್ನು ಕಳೆಯುವುದೂ ಒಂದೇ ಅವಿಭಾಜ್ಯ ವ್ಯವಹಾರವಾಗಿ ನಡೆಯಬೇಕು. ಇವೆರಡರ ನಡುವೆ ವಿದ್ಯುತ್ತು ಹೋದರೆ ಹಣ ಹೋಗಿ ಗುರುತು ಉಳಿಯದಿರಬಹುದು, ಅಥವಾ ಗುರುತು ಉಳಿದು ಹಣ ಸಲ್ಲದಿರಬಹುದು. ಅದೇ ಗುರುತಿನಡಿಯಲ್ಲಿ ಬೇರೊಂದು ಮೊತ್ತ ಬಂದರೆ ಅದನ್ನು ತಪ್ಪೆಂದು ನಿರಾಕರಿಸಬೇಕೇ ಹೊರತು ಹಳೆಯ ಫಲವನ್ನು ಕೊಟ್ಟು ಸುಮ್ಮನಾಗಬಾರದು.

ಮತ್ತೆ ಕಳುಹಿಸಬಹುದೆಂದು ಸಿದ್ಧವಾದ ಮೇಲೆ, ಯಾವಾಗ ಕಳುಹಿಸಬೇಕೆಂಬ ಪ್ರಶ್ನೆ ಬರುತ್ತದೆ. ಇದರ ಚರಿತ್ರೆ ಮೊಬೈಲ್ ಫೋನಿಗಿಂತ ಹಳೆಯದು. ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಅವರ ನೇತೃತ್ವದಲ್ಲಿ ೧೯೭೧ರಲ್ಲಿ ಆರಂಭವಾದ ಅಲೋಹಾ ಎಂಬ ರೇಡಿಯೊ ಜಾಲದಲ್ಲಿ, ದ್ವೀಪಗಳ ಮೇಲೆ ಹರಡಿದ್ದ ಕೇಂದ್ರಗಳೆಲ್ಲವೂ ಒಂದೇ ಕಂಪನಾಂಕದಲ್ಲಿ, ಪರಸ್ಪರ ಕೇಳಿಕೊಳ್ಳದೆಯೇ, ತಮ್ಮ ಸಂದೇಶಗಳನ್ನು ಕಳುಹಿಸುತ್ತಿದ್ದುವು. ಎರಡು ಸಂದೇಶಗಳು ಏಕಕಾಲದಲ್ಲಿ ಹೊರಟರೆ ಎರಡೂ ಕೆಡುತ್ತಿದ್ದುವು. ಸ್ವೀಕೃತಿ ಬಾರದ ಕೇಂದ್ರವು ಯಾದೃಚ್ಛಿಕವಾದ ಕಾಲದವರೆಗೆ ಕಾದು ಮತ್ತೆ ಕಳುಹಿಸುತ್ತಿತ್ತು. ಇಬ್ಬರೂ ಗೊತ್ತಾದ ಒಂದೇ ಕಾಲದವರೆಗೆ ಕಾದರೆ ಮತ್ತೆ ಡಿಕ್ಕಿಯಾಗುವುದು ನಿಶ್ಚಯವಷ್ಟೆ. ಇಂಥ ಜಾಲದಲ್ಲಿ ಮಾರ್ಗದ ಸಾಮರ್ಥ್ಯದ ಶೇಕಡ ಸುಮಾರು ೧೮.೪ರಷ್ಟನ್ನು ಮಾತ್ರ ಉಪಯೋಗಿಸಿಕೊಳ್ಳಬಹುದೆಂದು ಗಣಿತವು ತೋರಿಸುತ್ತದೆ. ಅದಕ್ಕೂ ಮೀರಿ ಕೋರಿಕೆಗಳನ್ನು ತುರುಕಿದರೆ ಪುನಃಪ್ರಯತ್ನಗಳೇ ಹೆಚ್ಚಿ, ತಲಪುವ ಸಂದೇಶಗಳು ಕಡಿಮೆಯಾಗುತ್ತವೆ. ಮೆಟ್‌ಕಾಫ್ ಮತ್ತು ಬಾಗ್ಸ್ ಅವರು ಜೆರಾಕ್ಸ್ ಸಂಸ್ಥೆಯಲ್ಲಿ ರೂಪಿಸಿ ೧೯೭೬ರಲ್ಲಿ ಪ್ರಬಂಧರೂಪದಲ್ಲಿ ವಿವರಿಸಿದ ಈಥರ್‌ನೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿಕ್ಕಿಗಳು ಹೆಚ್ಚಿದಂತೆಲ್ಲ ಕಾಯುವ ಅವಧಿಯ ವ್ಯಾಪ್ತಿಯನ್ನು ಇಮ್ಮಡಿಗೊಳಿಸುವುದು ಅದರ ಕ್ರಮ. ಅನಂತರ ಬಂದ ಪ್ರಮಾಣದಲ್ಲಿ, ಹತ್ತು ಡಿಕ್ಕಿಗಳ ಮೇಲೆ ವ್ಯಾಪ್ತಿಯು ಬೆಳೆಯದೆ ನಿಲ್ಲುತ್ತದೆ. ಹದಿನಾರನೆಯ ಯತ್ನವೂ ಕೆಟ್ಟರೆ ಯತ್ನವನ್ನೇ ಕೈಬಿಡಲಾಗುತ್ತದೆ.

ಈ ವಿವೇಕವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ೧೯೮೬ರ ಅಕ್ಟೋಬರಿನ ಘಟನೆ ಸಾಕ್ಷಿ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಗೂ ನಡುವಣ ದೂರ ಸುಮಾರು ೪೦೦ ಗಜ. ಆ ಮಾರ್ಗದಲ್ಲಿ ಸೆಕೆಂಡಿಗೆ ೩೨ ಸಾವಿರ ಬಿಟ್ಟುಗಳಂತೆ ಸಾಗುತ್ತಿದ್ದ ದತ್ತಾಂಶವು ಸೆಕೆಂಡಿಗೆ ೪೦ ಬಿಟ್ಟುಗಳಿಗೆ, ಎಂದರೆ ಎಂಟುನೂರರಲ್ಲಿ ಒಂದು ಪಾಲಿಗೆ ಇಳಿಯಿತು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಟ್ಟಣೆಯಿಂದ ತಡವಾದ ತುಣುಕುಗಳನ್ನು ಕಳೆದುವೆಂದು ಭಾವಿಸಿ ಗಣಕಗಳು ಮತ್ತೆ ಮತ್ತೆ ಕಳುಹಿಸಿದುದರಿಂದ ದಟ್ಟಣೆಯು ಇನ್ನೂ ಹೆಚ್ಚಿತು. ಇದನ್ನು ಪರಿಶೋಧಿಸಿದ ವ್ಯಾನ್ ಜೇಕಬ್‌ಸನ್ ಅವರು ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧವು ಟಿಸಿಪಿಗೆ ಹೊಸ ಶಿಸ್ತನ್ನು ತಂದಿತು. ಜಾಲದಲ್ಲಿ ಇನ್ನೆಷ್ಟು ಮಂದಿ ಇದ್ದಾರೆಂಬುದನ್ನು ಅರಿಯಲಾಗದ ಕಳುಹಿಸುವವನಿಗೆ ಇಮ್ಮಡಿ ಕಾಯುವ ಕ್ರಮವೊಂದೇ ಗತಿಯೆಂಬ ಅಭಿಪ್ರಾಯವು ಅಲ್ಲಿದೆ.

ಆ್ಯಪಿನಲ್ಲಿ ಇದನ್ನು ಅಳವಡಿಸುವುದು ಹೀಗೆ: ಮೊದಲ ಸೋಲಿನ ಮೇಲೆ ೧ ಸೆಕೆಂಡು, ಮುಂದೆ ೨, ೪, ೮ ಎಂದು ಕಾಯುತ್ತ, ಒಂದು ಗರಿಷ್ಠ ಮಿತಿಯಲ್ಲಿ ನಿಲ್ಲುವುದು. ಆದರೆ ಇದಿಷ್ಟೇ ಸಾಲದು. ಸರ್ವರೊಂದು ಕ್ಷಣಕಾಲ ಕೆಟ್ಟು ಒಂದು ಲಕ್ಷ ಫೋನುಗಳು ಒಮ್ಮೆಗೇ ಸಂಪರ್ಕವನ್ನು ಕಳೆದುಕೊಂಡುವೆನ್ನೋಣ. ಎಲ್ಲವೂ ಈ ಪಟ್ಟಿಯನ್ನೇ ಅನುಸರಿಸಿದರೆ, ಆ ಲಕ್ಷವೂ ೧ನೆಯ ಸೆಕೆಂಡಿನಲ್ಲಿ ಒಟ್ಟಿಗೆ ಬರುತ್ತವೆ. ಮತ್ತೆ ೩ನೆಯದರಲ್ಲಿ, ೭ನೆಯದರಲ್ಲಿ, ೧೫ನೆಯದರಲ್ಲಿ ಒಟ್ಟಿಗೆ ಬರುತ್ತವೆ. ಜಾತ್ರೆಯ ಜನವೆಲ್ಲ ಒಂದೇ ಬಾಗಿಲಿಗೆ ನುಗ್ಗಿದಂತೆ, ಏಳಲು ಯತ್ನಿಸುವ ಸರ್ವರು ಪ್ರತಿಸಲವೂ ಮತ್ತೆ ಕುಸಿಯುತ್ತದೆ. ಅಲೋಹಾ ಕಲಿಸಿದ ಪಾಠವನ್ನು ಇಲ್ಲಿ ಸ್ಮರಿಸಬೇಕು. ಪ್ರತಿ ಫೋನೂ ಸೊನ್ನೆಯಿಂದ ಗೊತ್ತಾದ ಮೇಲ್ಮಿತಿಯವರೆಗಿನ ಯಾವುದಾದರೊಂದು ಕ್ಷಣವನ್ನು ಯಾದೃಚ್ಛಿಕವಾಗಿ ಆರಿಸಿಕೊಂಡರೆ ಗುಂಪು ಚದರುತ್ತದೆ. ಮೇಲ್ಮಿತಿ ೩೦ ಸೆಕೆಂಡುಗಳಾದರೆ ಆ ಲಕ್ಷವು ಸೆಕೆಂಡಿಗೆ ಸುಮಾರು ೩,೩೩೩ರಂತೆ ಹಂಚಿಹೋಗುತ್ತದೆ.

ಇನ್ನೊಂದು ಅಪಾಯವು ಸ್ತರಗಳಿಂದ ಬರುತ್ತದೆ. ಆ್ಯಪು ಮೂರು ಸಲ ಯತ್ನಿಸುತ್ತದೆ. ಅದನ್ನು ಸ್ವೀಕರಿಸುವ ಮುಂಬಾಗಿಲಿನ ಸರ್ವರು ಒಳಗಿನ ಸೇವೆಗಾಗಿ ಮೂರು ಸಲ, ಆ ಸೇವೆಯು ದತ್ತಸಂಚಯಕ್ಕಾಗಿ ಮೂರು ಸಲ. ಒಬ್ಬನ ಒಂದು ಒತ್ತುವಿಕೆಯು ಕೊನೆಗೆ ೨೭ ಯತ್ನಗಳಾಗುತ್ತದೆ, ಅದೂ ದತ್ತಸಂಚಯವು ಬಳಲಿರುವ ಹೊತ್ತಿನಲ್ಲಿಯೇ! ಪುನಃಪ್ರಯತ್ನದ ಅಧಿಕಾರವು ಒಂದೇ ಸ್ತರಕ್ಕೆ ಇರುವುದು ಲೇಸು. ಒಟ್ಟು ಪುನಃಪ್ರಯತ್ನಗಳು ಒಟ್ಟು ಕೋರಿಕೆಗಳ ಶೇಕಡ ೧೦ನ್ನು ಮೀರಬಾರದೆಂಬ ಕಟ್ಟಳೆಯೊಂದನ್ನು ಗೂಗಲ್ ಸಂಸ್ಥೆಯ ಎಂಜಿನಿಯರುಗಳು ೨೦೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಇದರಿಂದ ಎಂಥ ಸಂಕಟದಲ್ಲಿಯೂ ಹೊರೆಯು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಬೆಳೆಯದು.

ನಮ್ಮ ದೇಶದ ಅನುಭವವೂ ಇದನ್ನೇ ತೋರಿಸಿದೆ. ೨೦೧೬ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ೨೦೨೫ರ ಮಾರ್ಚ್ ಒಂದೇ ತಿಂಗಳಿನಲ್ಲಿ ಸುಮಾರು ೧,೮೩೦ ಕೋಟಿ ವ್ಯವಹಾರಗಳು ನಡೆದುವು. ಅದರ ಮುಂದಿನ ತಿಂಗಳು, ಏಪ್ರಿಲ್ ೧೨ರಂದು, ಆ ಪದ್ಧತಿಯು ಹಲವು ಗಂಟೆಗಳ ಕಾಲ ತೊಡಕಿಗೆ ಸಿಕ್ಕಿತು. ಉತ್ತರ ಬಾರದ ವ್ಯವಹಾರಗಳ ಸ್ಥಿತಿಯೇನೆಂದು ಬ್ಯಾಂಕುಗಳ ಕಡೆಯಿಂದ ವಿಚಾರಣೆಯ ಕೋರಿಕೆಗಳು, ಹಳೆಯ ವ್ಯವಹಾರಗಳನ್ನು ಕುರಿತವೂ ಸೇರಿದಂತೆ, ಪ್ರವಾಹದಂತೆ ಬಂದುದು ಇದಕ್ಕೆ ಕಾರಣವೆಂದು ಪರಿಶೀಲನೆಯಲ್ಲಿ ಕಂಡುಬಂದುದಾಗಿ ವರದಿಯಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹಣವನ್ನು ಮತ್ತೆ ಕಳುಹಿಸದೆ, 'ಹಿಂದಿನದು ಏನಾಯಿತು?' ಎಂದು ಕೇಳುವುದು ಸಂದೇಹದ ಸಮಯದಲ್ಲಿ ಸರಿಯಾದ ನಡತೆಯೇ. ಕೇಳುವುದರಿಂದ ಲೆಕ್ಕ ಕೆಡುವುದಿಲ್ಲ; ಅದು ಪೂರ್ಣವಾಗಿ ಪುನರಾವೃತ್ತಿಸಹ. ಆದರೂ ಅಳತೆಯಿಲ್ಲದೆ ಕೇಳಿದಾಗ ವ್ಯವಸ್ಥೆಯೇ ಬಳಲಿತು. ಲೆಕ್ಕಕ್ಕೆ ಹಾನಿಯಿಲ್ಲದ್ದು ಹೊರೆಯ ದೃಷ್ಟಿಯಿಂದಲೂ ಹಾನಿಯಿಲ್ಲದ್ದೆಂದು ಭಾವಿಸುವುದು ತಪ್ಪು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಹೊರಡಿಸಿದ ಸುತ್ತೋಲೆಯು, ಮೊದಲ ವಿಚಾರಣೆಯನ್ನು ೯೦ ಸೆಕೆಂಡುಗಳ ಅನಂತರವೇ ಮಾಡಬೇಕೆಂದೂ ಒಟ್ಟು ಮೂರಕ್ಕಿಂತ ಹೆಚ್ಚು ಸಲ ಕೇಳಬಾರದೆಂದೂ ವಿಧಿಸಿತು. ತಿಂಗಳು ತಿಂಗಳು ತಾನಾಗಿ ಸಲ್ಲುವ ಪಾವತಿಗಳಿಗೆ ಒಂದು ಯತ್ನ, ಹೆಚ್ಚೆಂದರೆ ಮೂರು ಪುನಃಪ್ರಯತ್ನ, ಅವೂ ದಟ್ಟಣೆಯ ವೇಳೆಯನ್ನು ಬಿಟ್ಟು ಎಂಬ ಮಿತಿಯನ್ನು ಮೇ ತಿಂಗಳಿನ ಸುತ್ತೋಲೆ ಗೊತ್ತುಮಾಡಿತು.

ಫೋನಿಗೇ ವಿಶಿಷ್ಟವಾದ ಕೆಲವು ಸಂಗತಿಗಳಿವೆ. ಒಂದು ಸಣ್ಣ ಕೋರಿಕೆಯನ್ನು ಕಳುಹಿಸಿದ ಮೇಲೂ ಫೋನಿನ ರೇಡಿಯೊ ಭಾಗವು ಹಲವು ಸೆಕೆಂಡುಗಳ ಕಾಲ ಎಚ್ಚರವಾಗಿಯೇ ಇದ್ದು ವಿದ್ಯುತ್ತನ್ನು ವ್ಯಯಿಸುತ್ತದೆ. ಐದೈದು ಸೆಕೆಂಡಿಗೊಮ್ಮೆ ಯತ್ನಿಸುವ ಆ್ಯಪು ಅದಕ್ಕೆ ನಿದ್ರೆಗೆ ಅವಕಾಶವನ್ನೇ ಕೊಡದೆ ಬ್ಯಾಟರಿಯನ್ನು ಬರಿದುಮಾಡುತ್ತದೆ. ಜಾಲವೇ ಇಲ್ಲದಿರುವಾಗ ಗಡಿಯಾರವನ್ನು ನೋಡಿ ಯತ್ನಿಸುವುದಕ್ಕಿಂತ, ಜಾಲ ಬಂದಾಗ ಎಚ್ಚರಿಸೆಂದು ಕಾರ್ಯಾಚರಣ ವ್ಯವಸ್ಥೆಗೆ ಹೇಳಿ ಸುಮ್ಮನಿರುವುದು ಮೇಲು. ಐಫೋನಿನಲ್ಲಿ ೨೦೧೭ರಿಂದ ಇದಕ್ಕೆ ಏರ್ಪಾಡಿದೆ. ಆ್ಯಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ಎಂಬ ಸಾಧನವು, ಆ್ಯಪು ಮುಚ್ಚಿಹೋಗಿದ್ದರೂ ಕೆಲಸವನ್ನು ನೆನಪಿನಲ್ಲಿಟ್ಟು, ಬೇರೆ ಅಪ್ಪಣೆಯಿಲ್ಲದಿದ್ದರೆ ೩೦ ಸೆಕೆಂಡಿನಿಂದ ಆರಂಭಿಸಿ ಇಮ್ಮಡಿ ಕ್ರಮದಲ್ಲಿ, ಹೆಚ್ಚೆಂದರೆ ೫ ಗಂಟೆಗಳವರೆಗಿನ ಅಂತರದಲ್ಲಿ ಯತ್ನಿಸುತ್ತದೆ. ಟಿಪ್ಪಣಿಯೊಂದನ್ನು ಉಳಿಸುವುದಕ್ಕೆ ಇದು ತಕ್ಕುದು. ಬಸ್ಸಿನಲ್ಲಿ ತೆರೆಯನ್ನೇ ನೋಡುತ್ತ ಕುಳಿತವನಿಗೆ ಐದು ಗಂಟೆಯ ಮಾತೇನು ಪ್ರಯೋಜನ? ಎದುರಿಗೆ ಕುಳಿತು ಕಾಯುವವನಿಗೆ ಕೆಲವೇ ಸೆಕೆಂಡುಗಳ ಗಡುವು ಬೇಕು. ಗಡುವು ಮೀರಿದ ಮೇಲೆ ಆತನಿಗೆ ನಿಜವನ್ನು ಹೇಳಬೇಕು.

ನಿಜವನ್ನು ಹೇಳುವ ಮಾತು ಭಾಷೆಗೆ ಸಂಬಂಧಿಸಿದುದು. ನಾನು ಕಂಡ ಕನ್ನಡ ಆ್ಯಪುಗಳಲ್ಲಿ ಮೇಲೆ ಹೇಳಿದ ಮೂರು ಬಗೆಯ ಸೋಲಿಗೂ 'ವಿಫಲವಾಗಿದೆ' ಅಥವಾ 'ಏನೋ ತಪ್ಪಾಗಿದೆ' ಎಂಬ ಒಂದೇ ಒಕ್ಕಣೆ ಇರುತ್ತದೆ. ಕೋರಿಕೆ ಹೊರಡಲಿಲ್ಲವಾದರೆ 'ಹಣ ಹೋಗಿಲ್ಲ. ಜಾಲ ಬಂದ ಮೇಲೆ ಕಳುಹಿಸುತ್ತೇವೆ' ಎನ್ನಬಹುದು. ಉತ್ತರ ಬಾರದಿದ್ದರೆ 'ಹಣ ಸಂದಿತೋ ಇಲ್ಲವೋ ಇನ್ನೂ ತಿಳಿದುಬಂದಿಲ್ಲ. ನೀವು ಮತ್ತೆ ಕಟ್ಟಬೇಡಿ, ವಿಚಾರಿಸುತ್ತಿದ್ದೇವೆ' ಎನ್ನಬೇಕು. ತಿಳಿಯದುದನ್ನು ವಿಫಲವೆಂದು ಕರೆದಾಗಲೇ ಜನರು ಎರಡನೆಯ ಸಲ ಹಣ ಕಟ್ಟುವುದು. ಹೀಗೆ ಖಾತೆಯಿಂದ ಕಳೆದು ಪಡೆಯಬೇಕಾದವರನ್ನು ಸೇರದ ಹಣದ ಬಗೆಗೆ ಭಾರತೀಯ ರಿಸರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರ್ ೨೦ರ ಸುತ್ತೋಲೆಯಲ್ಲಿ ಮರುಪಾವತಿಯ ಗಡುವನ್ನೂ, ಗಡುವು ಮೀರಿದರೆ ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರವನ್ನೂ ಗೊತ್ತುಮಾಡಿತು. ಆದರೆ ಎರಡು ಸಲವೂ ಸರಿಯಾಗಿಯೇ ಸಂದ ಪಾವತಿಯು ಆ ನಿಯಮದ ಕಣ್ಣಿಗೆ ಸೋಲಲ್ಲ. ಅದನ್ನು ಹಿಂದಕ್ಕೆ ಪಡೆಯಲು ವಿದ್ಯಾರ್ಥಿಯು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಬಂದ ಪ್ರತಿಯೊಂದು ಪಾವತಿಯನ್ನೂ ದತ್ತಸಂಚಯದಲ್ಲಿ ಒಂದು ಸಾಲಾಗಿ ಬರೆದು, ಅನಂತರ ಮೂರರಲ್ಲಿ ಒಂದು ಸಲ, ಯಾದೃಚ್ಛಿಕವಾಗಿ, ಉತ್ತರ ಕೊಡದೆಯೇ ಸಂಪರ್ಕವನ್ನು ಕಡಿಯುವ ಸಣ್ಣ ಸರ್ವರೊಂದನ್ನು ವಿದ್ಯಾರ್ಥಿಗಳು ಬರೆಯಲಿ. ಪಾವತಿಯೊಂದಕ್ಕೆ ಹೆಚ್ಚೆಂದರೆ ನಾಲ್ಕು ಯತ್ನಗಳಂತೆ ಆ್ಯಪಿನಿಂದ ೧೦೦ ಪಾವತಿಗಳನ್ನು ಕಳುಹಿಸಿ ಸಾಲುಗಳನ್ನು ಎಣಿಸಲಿ. ಗುರುತಿಲ್ಲದೆ ಕಳುಹಿಸಿದರೆ ಸರಾಸರಿಯಲ್ಲಿ ಸುಮಾರು ೧೪೮ ಸಾಲುಗಳು ಸಿಕ್ಕುತ್ತವೆ. ಏಕೆಂದರೆ ಪಾವತಿಯೊಂದರ ಸರಾಸರಿ ಯತ್ನಗಳು ೧ + ೧/೩ + ೧/೯ + ೧/೨೭, ಎಂದರೆ ೪೦/೨೭. ವಿಶಿಷ್ಟ ಗುರುತನ್ನು ಸೇರಿಸಿ, ಗುರುತಿನ ಅನನ್ಯತೆಯನ್ನು ದತ್ತಸಂಚಯವೇ ಕಾಯುವಂತೆ ಏರ್ಪಡಿಸಿದರೆ, ಸಾಲುಗಳು ಸರಿಯಾಗಿ ೧೦೦. ಇಷ್ಟಾದರೂ, ನಾಲ್ಕೂ ಉತ್ತರಗಳು ಕಳೆದುಹೋಗುವ ಸಂಭವವು ೮೧ರಲ್ಲಿ ಒಂದರಷ್ಟಿರುವುದರಿಂದ, ನೂರರಲ್ಲಿ ಒಂದು ಪಾವತಿಯಾದರೂ ಸರ್ವರಿನಲ್ಲಿ ದಾಖಲಾಗಿದ್ದು ಆ್ಯಪಿಗೆ ಮಾತ್ರ ತಿಳಿಯದೆ ಉಳಿಯುವ ಸಂಭವ ಹೆಚ್ಚು. ಆ ಒಂದು ಪಾವತಿಗಾಗಿ ಆ್ಯಪಿನ ತೆರೆಯ ಮೇಲೆ ಯಾವ ವಾಕ್ಯವನ್ನು ಬರೆದಿದ್ದಾರೆಂದು ಅಧ್ಯಾಪಕರು ನೋಡತಕ್ಕದ್ದು.